ತೆರಿಗೆ ಬದಲಾದಾಗ ಮನೆಯ ಲೆಕ್ಕ ಹಾಕುವುದು ಹೇಗೆ? ನನ್ನ ಮೂರು ಕಾಲಂಗಳು

ಸರ್ಕಾರ ತೆರಿಗೆ ಬದಲಾಯಿಸಿತೆಂಬ ಸುದ್ದಿ ಬಂದ ದಿನ ತಂಗಿ ತಪ್ಪದೆ ಫೋನ್ ಮಾಡುತ್ತಾಳೆ. ಕೇಳುವುದು ಒಂದೇ ಮಾತು: "ಅಕ್ಕಾ, ನಮಗೆಷ್ಟು ಉಳಿಯುತ್ತೆ?" ಮೊದಲೆಲ್ಲ ಸಂಬಳದ ಚೀಟಿ ನೋಡಿ ಒಂದು ಸಂಖ್ಯೆ ಹೇಳಿಬಿಡುತ್ತಿದ್ದೆ. ಈಗ "ಒಂದು ವರ್ಷ ತಡಿ, ಬರೆದಿಟ್ಟು ಹೇಳ್ತೀನಿ" ಅನ್ನುತ್ತೇನೆ.

ಇದನ್ನು ಕಲಿಸಿದ್ದು ಅಮ್ಮನ ಮಾತ್ರೆಗಳು. ಒಂದು ವರ್ಷ ಆದಾಯ ತೆರಿಗೆ ಇಳಿದು ಕೈಗೆ ಬರುವ ಸಂಬಳ ಸ್ವಲ್ಪ ಹೆಚ್ಚಿತು. ಅದೇ ವರ್ಷದ ಕೊನೆಗೆ, ಸರ್ಕಾರಿ ಆಸ್ಪತ್ರೆಯಲ್ಲಿ ಅಮ್ಮನಿಗೆ ಉಚಿತವಾಗಿ ಸಿಗುತ್ತಿದ್ದ ಎರಡು ಬಗೆಯ ಮಾತ್ರೆಗಳನ್ನು "ಸ್ಟಾಕ್ ಇಲ್ಲ" ಎಂದು ಹೊರಗೆ ಬರೆದುಕೊಡಲು ಶುರುಮಾಡಿದರು. ತೆರಿಗೆಯಲ್ಲಿ ಉಳಿದದ್ದಕ್ಕಿಂತ ಮಾತ್ರೆಗೆ ಹೋದದ್ದೇ ಜಾಸ್ತಿ. ಮಾತ್ರೆ ನಿಂತದ್ದಕ್ಕೆ ತೆರಿಗೆ ಇಳಿದದ್ದೇ ಕಾರಣ ಎಂದು ನಾನು ಸಾಬೀತು ಮಾಡಲಾರೆ. ಆದರೆ ಎರಡನ್ನೂ ಒಂದೇ ಪುಟದಲ್ಲಿ ಬರೆಯದಿದ್ದರೆ ಆ ವರ್ಷ ನಮಗೆ ಲಾಭವೇ ಆಯಿತೆಂದು ಇವತ್ತಿಗೂ ನಂಬಿಕೊಂಡಿರುತ್ತಿದ್ದೆ.

ಅಂದಿನಿಂದ ಪುಸ್ತಕದ ಪುಟಕ್ಕೆ ಮೂರು ಕಾಲಂ ಎಳೆಯುತ್ತೇನೆ: ಸಂಬಳ, ಬಿಲ್, ಸೇವೆ. ತೆರಿಗೆ ಜಾರಿಗೆ ಬರುವ ಮೊದಲೇ ಹಿಂದಿನ ಮೂರು ತಿಂಗಳ ಲೆಕ್ಕವನ್ನು ಅದರಲ್ಲಿ ತುಂಬಿಡಿ. ಹೋಲಿಸಲು ಹಳೆಯದು ಇಲ್ಲದಿದ್ದರೆ ಹೊಸ ಸಂಖ್ಯೆ ಏನನ್ನೂ ಹೇಳುವುದಿಲ್ಲ.

ಸಂಬಳದ ಕಾಲಂ

ಇದು ಸುಲಭದ್ದು. ಬೇಗ ಮುಗಿಸಿ. ಒಂದು ತಪ್ಪು ತಿಳಿವಳಿಕೆ ಮಾತ್ರ ಬಿಡಬೇಕು: ಮೇಲಿನ ಸ್ಲ್ಯಾಬಿಗೆ ಹೋದರೆ ಇಡೀ ಆದಾಯಕ್ಕೆ ಹೆಚ್ಚಿನ ದರ ಬೀಳುತ್ತದೆ ಎನ್ನುವುದು. ಮೊದಲ 100ಕ್ಕೆ ತೆರಿಗೆ ಇಲ್ಲ, ಮುಂದಿನ 100ಕ್ಕೆ ಶೇ. 10, ಅದಕ್ಕೂ ಮೇಲೆ ಶೇ. 20 ಎಂದಿಟ್ಟುಕೊಳ್ಳಿ. ಆದಾಯ 210 ಆದರೆ ತೆರಿಗೆ 42 ಅಲ್ಲ, 12. ಸ್ಲ್ಯಾಬ್ ದಾಟುತ್ತದೆಂದು ಹೆದರಿ ಹೆಚ್ಚುವರಿ ಕೆಲಸ ಬೇಡವೆಂದವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ನಿಜವಾಗಿ ಹುಷಾರಾಗಿರಬೇಕಾದದ್ದು ಆದಾಯ ಮಿತಿ ಇರುವ ಸವಲತ್ತುಗಳ ಬಗ್ಗೆ. ಅಲ್ಲಿ ಮಿತಿ ಒಂದಿಷ್ಟು ದಾಟಿದರೂ ವಿದ್ಯಾರ್ಥಿವೇತನವೋ ಪಿಂಚಣಿಯೋ ಪೂರ್ತಿ ಕೈತಪ್ಪಬಹುದು.

ಇನ್ನೊಂದು: ದರ ಮುಟ್ಟದೆಯೂ ತೆರಿಗೆ ಏರಿಸಬಹುದು. ಬ್ರಿಟನ್ನಿನಲ್ಲಿ ಆದಾಯ ತೆರಿಗೆಯ ವಿನಾಯಿತಿ ಮಿತಿ 2021ರಿಂದ 12,570 ಪೌಂಡಿನಲ್ಲೇ ನಿಂತಿದೆ. ಬೆಲೆ, ಸಂಬಳ ಎರಡೂ ಏರಿದವು, ಮಿತಿ ಏರಲಿಲ್ಲ. ಹಾಗಾಗಿ ಮೊದಲು ತೆರಿಗೆ ಕಟ್ಟದವರೂ ಕಟ್ಟುವ ಸಾಲಿಗೆ ಬಂದರು. ಬಜೆಟ್ ಸುದ್ದಿಯಲ್ಲಿ "ದರದಲ್ಲಿ ಬದಲಾವಣೆ ಇಲ್ಲ" ಎಂದು ಓದಿದಾಗ ಮಿತಿ ಬದಲಾಯಿತೇ ಎಂದೂ ನೋಡಿ.

ಬಿಲ್ಲಿನ ಕಾಲಂ

ಕಡಿಮೆ ಆದಾಯದ ಮನೆಗೆ ಭಾರ ಬೀಳುವುದು ಹೆಚ್ಚಾಗಿ ಇಲ್ಲಿ. ಎರಡು ಮನೆ ತೆಗೆದುಕೊಳ್ಳಿ. ಒಂದು ಮನೆ 100 ಗಳಿಸಿ 90ರ ಸಾಮಾನು ಕೊಳ್ಳುತ್ತದೆ. ಇನ್ನೊಂದು 1,000 ಗಳಿಸಿ 500ರದ್ದು ಕೊಳ್ಳುತ್ತದೆ. ಎಲ್ಲದರ ಮೇಲೂ ಶೇ. 10 ತೆರಿಗೆ ಹಾಕಿ. ಮೊದಲ ಮನೆ 9 ಕೊಡುತ್ತದೆ, ಎರಡನೆಯದು 50. ಮೊತ್ತ ನೋಡಿದರೆ ಎರಡನೆಯದೇ ಹೆಚ್ಚು ಕೊಟ್ಟಿತು ಅನ್ನಿಸುತ್ತದೆ. ಆದಾಯದ ಪಾಲು ನೋಡಿ: ಮೊದಲನೆಯದು ಶೇ. 9, ಎರಡನೆಯದು ಶೇ. 5. ಆದಾಯ ತೆರಿಗೆ ಇಳಿಸಿ ಖರ್ಚಿನ ಮೇಲಿನ ತೆರಿಗೆ ಏರಿಸುವ ಸುಧಾರಣೆ ಬಂದಾಗ ನನಗೆ ಮೊದಲು ನೆನಪಾಗುವುದು ಈ ಎರಡು ಮನೆಗಳೇ.

ದರ ಇಳಿದರೆ ಬೆಲೆ ಎಷ್ಟು ಇಳಿಯಬೇಕು? ಇಲ್ಲಿ ಅನೇಕರು ಎಡವುತ್ತಾರೆ. ತೆರಿಗೆ ಶೇ. 18ರಿಂದ 5ಕ್ಕೆ ಬಂದರೆ ಬೆಲೆ ಶೇ. 13 ಇಳಿಯುವುದಿಲ್ಲ. 118 ಇದ್ದದ್ದು 105 ಆಗಬೇಕು, ಅಂದರೆ ಸುಮಾರು ಶೇ. 11. ಹಳೆಯ ಬೆಲೆಯನ್ನು 118ರಿಂದ ಭಾಗಿಸಿ 105ರಿಂದ ಗುಣಿಸಿ. ಬಂದ ಉತ್ತರಕ್ಕೂ ಹೊಸ ರಸೀದಿಗೂ ಇರುವ ವ್ಯತ್ಯಾಸವೇ ನಿಮ್ಮ ಕೈಗೆ ತಲುಪದೆ ದಾರಿಯಲ್ಲಿ ಉಳಿದುಕೊಂಡದ್ದು. 2009ರ ಜುಲೈನಲ್ಲಿ ಫ್ರಾನ್ಸ್ ಹೋಟೆಲ್ ಊಟದ ಮೇಲಿನ ತೆರಿಗೆಯನ್ನು ಶೇ. 19.6ರಿಂದ 5.5ಕ್ಕೆ ಇಳಿಸಿತು. ಇದೇ ಲೆಕ್ಕದಲ್ಲಿ ಬೆಲೆ ಹತ್ತಿರಹತ್ತಿರ ಶೇ. 12 ಇಳಿಯಬೇಕಿತ್ತು. ಗ್ರಾಹಕರಿಗೆ ತಲುಪಿದ್ದು ಅದರಲ್ಲಿ ಸಣ್ಣ ಪಾಲು.

ಆದರೆ ಅಂಗಡಿಯವರನ್ನು ಕಳ್ಳರೆಂದು ಕರೆಯುವ ಮುಂಚೆ ಒಂದು ವಿಚಾರಿಸಿ: ಆ ಸಾಮಾನಿಗೆ ಬಂದಿರುವುದು ಶೂನ್ಯ ದರವೋ, ವಿನಾಯಿತಿಯೋ? ಕೇಳಲು ಒಂದೇ ಥರ ಇದ್ದರೂ ಇವು ಬೇರೆ. ಶೂನ್ಯ ದರವಾದರೆ ತಯಾರಿಸುವವರು ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯಬಹುದು. ವಿನಾಯಿತಿಯಾದರೆ ಅದು ಸಿಗುವುದಿಲ್ಲ, ಬೆಲೆಯಲ್ಲೇ ಸೇರಿಕೊಳ್ಳುತ್ತದೆ. "ತೆರಿಗೆ ಪೂರ್ತಿ ಮನ್ನಾ" ಎಂದ ಸಾಮಾನೂ ಅಂದುಕೊಂಡಷ್ಟು ಅಗ್ಗವಾಗದಿರಲು ಇದೂ ಒಂದು ಕಾರಣ.

ಎಲ್ಲ ಸಾಮಾನನ್ನೂ ಬರೆಯಲು ಹೋಗಬೇಡಿ, ಎರಡೇ ವಾರಕ್ಕೆ ಪುಸ್ತಕ ಮುಚ್ಚುತ್ತೀರಿ. ತಿಂಗಳೂ ಕೊಳ್ಳುವ ಹತ್ತು ವಸ್ತು ಆರಿಸಿ, ಅದೇ ತೂಕ, ಅದೇ ಅಳತೆಯದ್ದು. ಬೆಲೆ ಅಷ್ಟೇ ಇಟ್ಟು ಪೊಟ್ಟಣ ಚಿಕ್ಕದಾಗಿದ್ದರೆ ತೂಕ ಬರೆದಿದ್ದಾಗ ಮಾತ್ರ ಕಾಣುತ್ತದೆ.

ಸೇವೆಯ ಕಾಲಂ

ಈ ಕಾಲಂ ತುಂಬಲು ತಾಳ್ಮೆ ಬೇಕು. ಶಾಲೆ, ಆಸ್ಪತ್ರೆ, ಬಸ್ಸು, ರಸ್ತೆ, ನೀರು, ಪಿಂಚಣಿ: ಸರ್ಕಾರದಿಂದ ಪಡೆಯುತ್ತಿರುವುದನ್ನೆಲ್ಲ ಬರೆಯಿರಿ. ಪ್ರತಿಯೊಂದರ ಮುಂದೆ, ಅದು ನಿಂತುಹೋದರೆ ಹೊರಗೆ ಎಷ್ಟು ಕೊಡಬೇಕಾಗುತ್ತದೆ ಎಂದೂ ಬರೆಯಿರಿ. ನಾನು ಮೊದಲ ಸಲ ಇದನ್ನು ಕೂಡಿಸಿದಾಗ ಮೊತ್ತ ನಮ್ಮ ಆದಾಯ ತೆರಿಗೆಯ ಹಲವು ಪಟ್ಟು ಬಂತು.

ತೆರಿಗೆ ಆದಾಯ ಕಡಿಮೆಯಾದರೆ ಸರ್ಕಾರ ಮೊದಲು ಎಲ್ಲಿ ಕೈಹಾಕುತ್ತದೆ? ಸಾಲದ ಬಡ್ಡಿ ಕಟ್ಟಲೇಬೇಕು, ಸಂಬಳ ಮತ್ತು ಪಿಂಚಣಿ ಕೊಡಲೇಬೇಕು. ಉಳಿಯುವುದು ದುರಸ್ತಿ, ಹೊಸ ಕಟ್ಟಡ, ಔಷಧಿ ಖರೀದಿ, ಖಾಲಿ ಹುದ್ದೆ. ಅಲ್ಲಿ ಕಡಿತವೆಂದು ಯಾರೂ ಘೋಷಿಸುವುದಿಲ್ಲ, ಕೆಲಸ ಸುಮ್ಮನೆ ತಡವಾಗುತ್ತದೆ.

ಅಮೆರಿಕದ ಕಾನ್ಸಾಸ್ ರಾಜ್ಯದ ಕಥೆ ನೋಡಿ. 2012ರಲ್ಲಿ ಅಲ್ಲಿನ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆಯನ್ನು ದೊಡ್ಡದಾಗಿ ಕಡಿತ ಮಾಡಿದರು. ಆರ್ಥಿಕತೆ ಬೆಳೆದು ಹಣ ತಾನಾಗಿ ಬರುತ್ತದೆ ಎಂಬ ನಿರೀಕ್ಷೆ ಅದರ ಹಿಂದಿತ್ತು. ಹಣ ಬರಲಿಲ್ಲ. ಹೆದ್ದಾರಿಯ ಹಣವನ್ನು ಬೇರೆ ಖರ್ಚಿಗೆ ತಿರುಗಿಸಿದರು, ಕೆಲವು ಕಡೆ ಶಾಲಾ ವರ್ಷವನ್ನು ಬೇಗ ಮುಗಿಸಿದರು. 2015ರಲ್ಲಿ ಮಾರಾಟ ತೆರಿಗೆಯನ್ನು ಶೇ. 6.15ರಿಂದ 6.5ಕ್ಕೆ ಏರಿಸಿದರು, ದಿನಸಿಗೂ ಸೇರಿಸಿ. ಅಂದರೆ ಸಂಬಳದ ಕಾಲಂನಲ್ಲಿ ಬಂದದ್ದು ಉಳಿದೆರಡರಲ್ಲಿ ಹೋಗುತ್ತಿತ್ತು. ಕೊನೆಗೆ 2017ರಲ್ಲಿ ಶಾಸನಸಭೆ ಗವರ್ನರರ ವಿಟೊವನ್ನೂ (ಮಸೂದೆ ತಡೆಯುವ ಅಧಿಕಾರ) ಮೀರಿ ಕಡಿತದ ಬಹುಪಾಲನ್ನು ಹಿಂದಕ್ಕೆ ಪಡೆಯಿತು. ತೆರಿಗೆ ಇಳಿದದ್ದು ಒಂದೇ ದಿನದಲ್ಲಿ, ಅದರ ಬೆಲೆ ಗೊತ್ತಾಗಲು ಬೇಕಾದದ್ದು ವರ್ಷಗಳು. ಒಂದು ವರ್ಷವಾದರೂ ಬರೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗೆಂದು ತೆರಿಗೆ ಏರಿದರೆಲ್ಲ ನಷ್ಟ ಎಂದುಕೊಳ್ಳಬೇಡಿ. ಜಪಾನ್ 2019ರ ಅಕ್ಟೋಬರಿನಲ್ಲಿ ಬಳಕೆ ತೆರಿಗೆಯನ್ನು ಶೇ. 8ರಿಂದ 10ಕ್ಕೆ ಏರಿಸಿತು. ಆಹಾರವನ್ನು ಶೇ. 8ರಲ್ಲೇ ಉಳಿಸಿ, ಅದೇ ತಿಂಗಳಿಂದ 3ರಿಂದ 5 ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣದ ಶುಲ್ಕ ತೆಗೆಯಿತು. ಪುಟ್ಟ ಮಗುವಿರುವ ಮನೆಗೂ ಇಬ್ಬರೇ ಇರುವ ವೃದ್ಧರ ಮನೆಗೂ ಇದರ ಉತ್ತರ ಬೇರೆಬೇರೆ. ನ್ಯೂಜಿಲೆಂಡ್ 2010ರಲ್ಲಿ ಜಿಎಸ್‌ಟಿಯನ್ನು ಶೇ. 12.5ರಿಂದ 15ಕ್ಕೆ ಏರಿಸಿದ ದಿನವೇ ಆದಾಯ ತೆರಿಗೆ ಇಳಿಸಿ ಪಿಂಚಣಿ, ಭತ್ಯೆಗಳನ್ನೂ ಏರಿಸಿತು. ಏರಿಕೆಯ ಜೊತೆ ಪರಿಹಾರ ಬಂತೇ, ಬಂದದ್ದು ಬೆಲೆಯ ಜೊತೆ ಮುಂದೆಯೂ ಏರುತ್ತದೆಯೇ, ಇವೆರಡನ್ನು ಮಾತ್ರ ಕೇಳಿ.

ಬಜೆಟ್ ಪುಸ್ತಕ ತೆರೆಯುವ ಧೈರ್ಯ ಮಾಡಿದರೆ ನಿಮಗೆ ಬೇಕಾದ ಒಂದೇ ಇಲಾಖೆಯ ಸಾಲು ಹುಡುಕಿ, ಅದರಲ್ಲಿ ಅಂದಾಜು, ಪರಿಷ್ಕೃತ ಅಂದಾಜು, ನಿಜವಾಗಿ ಖರ್ಚಾದದ್ದು, ಮೂರನ್ನೂ ಬರೆದುಕೊಳ್ಳಿ. ಭಾಷಣದಲ್ಲಿ ಕೇಳುವುದು ಮೊದಲನೆಯದು, ನಿಮ್ಮ ಆಸ್ಪತ್ರೆಗೆ ತಲುಪುವುದು ಕೊನೆಯದು. "ಅನುದಾನ ಶೇ. 4 ಹೆಚ್ಚಿಸಿದ್ದೇವೆ" ಎಂದಾಗ ಆ ವರ್ಷ ಬೆಲೆ ಶೇ. 6 ಏರಿದ್ದರೆ ಅದು ಕಡಿತವೇ.

ಮನೆ ಸಾಲವಿದ್ದರೆ ಪುಟದ ಕೆಳಗೆ ಬಡ್ಡಿ ದರವನ್ನೂ ಬರೆದಿಡಿ. 2022ರ ಸೆಪ್ಟೆಂಬರ್ 23ರಂದು ಬ್ರಿಟನ್ನಿನ ಸರ್ಕಾರ ಸುಮಾರು 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸಿತು. ಹಣ ಎಲ್ಲಿಂದ ತರುವುದೆಂದು ಹೇಳಲಿಲ್ಲ. ಪೌಂಡ್ ಕುಸಿಯಿತು, ಸರ್ಕಾರದ ಸಾಲ ದುಬಾರಿಯಾಯಿತು, ಅದರ ಹಿಂದೆಯೇ ಗೃಹಸಾಲದ ಬಡ್ಡಿ ಏರಿತು. ಒಂದು ತಿಂಗಳೊಳಗೆ ಕಡಿತದ ಬಹುಪಾಲು ರದ್ದಾಯಿತು. ಅಷ್ಟರಲ್ಲಿ ಸಾಲ ನವೀಕರಿಸಿದ ಮನೆಗಳಿಗೆ ಏರಿದ ಕಂತು ಉಳಿಯಿತು.

ವರ್ಷದ ಕೊನೆಗೆ ಮೂರೂ ಕಾಲಂ ಕೂಡಿಸಿ ಕಳೆಯಿರಿ. ಬಂದ ಉತ್ತರವನ್ನು ಬಜೆಟ್‌ಗೆ ಮುಂಚೆ ನಿಮ್ಮ ಜನಪ್ರತಿನಿಧಿಗೆ ಒಂದು ಹಾಳೆಯಲ್ಲಿ ಬರೆದು ಕೊಡಿ. ಕಷ್ಟವಾಗುತ್ತಿದೆ ಎಂದಷ್ಟೇ ಬೇಡ. ಯಾವ ಮಾತ್ರೆ, ಯಾವ ತಿಂಗಳಿಂದ ಸಿಗುತ್ತಿಲ್ಲ, ಹೊರಗೆ ಎಷ್ಟಾಯಿತು ಎಂದು ಬರೆಯಿರಿ. ಅಮ್ಮನ ಎರಡು ಮಾತ್ರೆಗಳ ಬಗ್ಗೆ ನಾನು ಹಾಗೆ ಬರೆದುಕೊಟ್ಟೆ. ಒಂದು ಮತ್ತೆ ಸಿಗುತ್ತಿದೆ, ಇನ್ನೊಂದಕ್ಕೆ ಈ ವರ್ಷವೂ ಬರೆಯುತ್ತೇನೆ.