ಜಡ್ಡಿಗೆ ರಕ್ಷಣೆ ಇದೆ, ಅದರ ನೀರಿಗೆ?

ಅಘನಾಶಿನಿ, ಶರಾವತಿ ನದಿ ಕೊಳ್ಳಗಳ ರಾಮಪತ್ರೆ ಜಡ್ಡಿಗಳಿಗೆ, ಅಂದರೆ ರಾಮಪತ್ರೆ ಜಾತಿಯ ಮರಗಳು ಬೆಳೆಯುವ ಜೌಗು ಕಾಡುಗಳಿಗೆ, ಎಷ್ಟು ರಕ್ಷಣೆ ಸಿಕ್ಕಿದೆ ಎಂಬ ಲೆಕ್ಕ ಕಂಪ್ಯೂಟರಿನಲ್ಲಿ ಬಹಳ ಸುಲಭ. ಜಡ್ಡಿಯ ಗಡಿಯ ಮೇಲೆ ಅಭಯಾರಣ್ಯದ ಗಡಿಯನ್ನು ಹೊದಿಸಿದರೆ ಶೇಕಡಾವಾರು ಬಂದುಬಿಡುತ್ತದೆ. 2011ರಲ್ಲಿ ಘೋಷಣೆಯಾದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು 2019ರಲ್ಲಿ ಶರಾವತಿ ಕಣಿವೆ ಅಭಯಾರಣ್ಯದೊಂದಿಗೆ ಸೇರಿ, ಸುಮಾರು 930 ಚದರ ಕಿಲೋಮೀಟರ್‌ಗಳ ಒಂದೇ ಹಸಿರು ಪಟ್ಟಿಯಾಗಿದೆ. ನೋಡಿದವರಿಗೆ ಸಮಾಧಾನವಾಗುತ್ತದೆ. ನನಗೆ ಆಗಲಿಲ್ಲ.

ಜಡ್ಡಿ ಬದುಕುವುದು ವರ್ಷವಿಡೀ ಜಿನುಗುವ ನೀರಿನಿಂದ. ಕೆಸರಿನಲ್ಲಿ ಉಸಿರಾಡಲೆಂದೇ ಅಲ್ಲಿನ ಮರಗಳು ಮಂಡಿ ಬೇರುಗಳನ್ನು ಮೇಲಕ್ಕೆತ್ತಿರುತ್ತವೆ. ಮೇಲಿನ ದಿಣ್ಣೆಯ ಕಾಡು ಬೋಳಾದರೆ, ಹಳ್ಳವನ್ನು ಅಬ್ಬಿಗೆಂದು (ಮನೆ, ತೋಟಕ್ಕೆ ಇಳಿಜಾರಿನಲ್ಲಿ ಹರಿಸುವ ನೀರು) ತಿರುಗಿಸಿದರೆ, ತೋಟ ಮಾಡಲು ಆಳವಾದ ಕಾದಿಗೆ (ಬಸಿಗಾಲುವೆ) ತೋಡಿದರೆ ಒಂದು ಮರವನ್ನೂ ಕಡಿಯದೆ ಜಡ್ಡಿಯನ್ನು ಒಣಗಿಸಬಹುದು. ಆದ್ದರಿಂದ ಜಡ್ಡಿಯನ್ನಷ್ಟೇ ಅಳೆಯದೆ, ಅದಕ್ಕೆ ನೀರುಣಿಸುವ ಉಪ ಜಲಾನಯನವನ್ನೂ ಅಳೆದೆ.

ತೊಡಕಿದ್ದದ್ದು ಇಲ್ಲೇ. ಬಾಹ್ಯಾಕಾಶದಿಂದ ರಾಡಾರ್ ಬಳಸಿ ನೆಲದ ಎತ್ತರ ಅಳೆದ, ಪುಕ್ಕಟೆ ಸಿಗುವ ಎಸ್‌ಆರ್‌ಟಿಎಂ ದತ್ತಾಂಶದ ಒಂದು ಚೌಕ 30 ಮೀಟರ್, ಅಂದರೆ ಸುಮಾರು ಒಂಬತ್ತು ಗುಂಟೆ. ಎಷ್ಟೋ ಜಡ್ಡಿಗಳು ಹಳ್ಳದ ಗುಂಟ ಇದಕ್ಕಿಂತ ಕಿರಿದಾಗಿ ಹರಡಿರುತ್ತವೆ. ಸಾಲದ್ದಕ್ಕೆ ಆ ರಾಡಾರ್ ದಟ್ಟ ಕಾಡಿನಲ್ಲಿ ನೆಲಕ್ಕಿಂತ ಮರಗಳ ನೆತ್ತಿಯ ಕಡೆಗೇ ವಾಲುತ್ತದೆ. ಸಣ್ಣ ಹಳ್ಳಗಳು ಮುಚ್ಚಿಹೋಗುತ್ತವೆ. ತಂತ್ರಾಂಶವಂತೂ ತಗ್ಗು ಕಂಡಲ್ಲೆಲ್ಲ ತುಂಬಿ ಸಮ ಮಾಡಿಬಿಡುತ್ತದೆ. ಟೋಪೋಶೀಟಿನಿಂದ (ಸರ್ವೆ ಇಲಾಖೆಯ ಭೂನಕ್ಷೆ) ಹಳ್ಳಗಳ ಗೆರೆ ಎಳೆದು, ಎತ್ತರದ ನಕ್ಷೆಯಲ್ಲಿ ಆ ಗೆರೆಗಳನ್ನು ಕೊರೆದು, ಆಮೇಲೆ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನೀರಿನ ಹರಿವನ್ನು ಹುಡುಕಿದೆ. ಜಡ್ಡಿಗಳ ಗಡಿಗಾಗಿ ಮಾತ್ರ ಜಿಪಿಎಸ್ ಹಿಡಿದು ನಡೆಯಲೇಬೇಕಾಯಿತು. ಉಪಗ್ರಹ ಚಿತ್ರದಲ್ಲಿ ಜಡ್ಡಿಯೂ ಪಕ್ಕದ ನಿತ್ಯಹರಿದ್ವರ್ಣ ಕಾಡೂ ಒಂದೇ ಹಸಿರು. (ಉಂಬಳಗಳಿಗೆ ನಕ್ಷೆಗಾರರೆಂದರೆ ವಿಶೇಷ ಪ್ರೀತಿ.)

ರಕ್ಷಣೆಯನ್ನು ಇದೆ, ಇಲ್ಲ ಎಂದು ಎರಡಾಗಿ ಸೀಳಲಿಲ್ಲ. ಅಭಯಾರಣ್ಯ, ಮೀಸಲು ಅರಣ್ಯ, ಸೊಪ್ಪಿನ ಬೆಟ್ಟ (ತೋಟದವರು ಸೊಪ್ಪು ತರಲು ಬಿಟ್ಟ ಕಾಡು), ಕಂದಾಯ ಮತ್ತು ಖಾಸಗಿ ಜಮೀನು ಎಂದು ದರ್ಜೆಗಳನ್ನು ಮಾಡಿದೆ. ಸೊಪ್ಪಿನ ಬೆಟ್ಟವನ್ನು ಕೆಳದರ್ಜೆಗೆ ತಳ್ಳಲು ಮನಸ್ಸು ಒಪ್ಪಲಿಲ್ಲ. ಕೆಲವು ಬೆಟ್ಟಗಳು ಬರೀ ಕುರುಚಲು, ಕೆಲವು ತುಂಬು ಕಾಡು. ಅದಕ್ಕೆಂದೇ ಕಾಡಿನ ಸ್ಥಿತಿಗೆ ಬೇರೆ ಕಾಲಂ ಇಟ್ಟೆ. ದೇವರಿಗೆಂದು ಬಿಟ್ಟ ಕಾಡುಗಳಾದ ದೇವರ ಕಾನುಗಳಿಗೂ ಗುರುತು ಹಾಕಿದೆ. ಸರ್ಕಾರಿ ಆದೇಶಕ್ಕಿಂತ ಕಾನಿನ ದೇವತೆ ಚೌಡಿಯ ಭಯವೇ ಗಟ್ಟಿಯಾಗಿರುವ ಜಾಗಗಳಿವೆ.

ಹೀಗೆ ಬಣ್ಣ ಹಚ್ಚಿದಾಗ ಚಿತ್ರವೇ ಬದಲಾಯಿತು. ಇಡೀ ಕೊಳ್ಳದ ಸರಾಸರಿಯಲ್ಲಿ ಮರೆಯಾಗಿದ್ದ, ರಕ್ಷಣೆಯಲ್ಲಿ ಬಡವಾದ ಉಪ ಜಲಾನಯನಗಳು ಎದ್ದು ಕಂಡವು. ಮೇಲೆ ತೋಟ, ಕೆಳಗೆ ಅಭಯಾರಣ್ಯ ಇರುವಲ್ಲಿ ಜಡ್ಡಿ ಕಾನೂನಿನ ಒಳಗಿದೆ, ಅದರ ನೀರು ಹೊರಗಿದೆ. ಅಂಥಲ್ಲಿ ಇನ್ನಷ್ಟು ಬೇಲಿ ಹಾಕುವುದಕ್ಕಿಂತ ತೋಟದವರೊಂದಿಗೆ ಕೂತು, ಬೇಸಿಗೆಯಲ್ಲಿ ಹಳ್ಳಕ್ಕೆ ಎಷ್ಟು ನೀರು ಬಿಡಬಹುದು ಎಂದು ಮಾತಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ನಕ್ಷೆಯನ್ನು ಹಂಚುವ ಮುನ್ನ ಜಡ್ಡಿಗಳ ನಿಖರ ಬಿಂದುಗಳನ್ನು ಅಳಿಸಿ, ಉಪ ಜಲಾನಯನದ ಬಣ್ಣವನ್ನಷ್ಟೇ ಉಳಿಸಿದೆ. 2000ರಲ್ಲಿ ಇಲ್ಲಿನ ಕತ್ತಲೆಕಾನು ಎಂಬ ಕಾಡಿನ ಹೆಸರಿನಲ್ಲೇ ವಿಜ್ಞಾನಕ್ಕೆ ಪರಿಚಯವಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್‌ನಂಥ ಅಪರೂಪದ ಮರಗಳಿರುವ ಜಾಗದ ವಿಳಾಸ ಎಲ್ಲರ ಮೊಬೈಲಿಗೂ ಬೇಕಾಗಿಲ್ಲ.