ಚೀಟಿ ಫೋನಿಗೆ ಬರಲಿ, ಚೀಲ ತುಂಬಿರಲಿ

ಸಂಜೆ ಆರರಿಂದ ಎಂಟು. ದಿನಸಿ ಅಂಗಡಿಯವರಿಗೆ ಪುರುಸೊತ್ತೇ ಇರದ ಹೊತ್ತು. ಒಬ್ಬರಿಗೆ ಕಾಲು ಕೆಜಿ ಉದ್ದಿನಬೇಳೆ ಸಾಕು, ಅವರ ಮುಂದಿನವರದು ತಿಂಗಳ ಸಾಮಾನು. ಕಾದು ಕಾದು ಬೇಳೆಯವರು ಹೊರಟುಹೋಗುತ್ತಾರೆ. ಬೆಳಿಗ್ಗೆ ಚೀಟಿ ಕೊಟ್ಟು, ಸಂಜೆ ಸಾಮಾನು ಒಯ್ಯುವ ರೂಢಿ ನಮ್ಮಲ್ಲಿ ಹಳೆಯದೇ ಅಲ್ವಾ? ಅದನ್ನೇ ಫೋನಿಗೆ ತಂದರೆ ಈ ಕಾಯುವಿಕೆ ಎಷ್ಟೋ ತಪ್ಪುತ್ತದೆ.

ಮೊದಲು ವಾಟ್ಸ್ಯಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. 2018ರಲ್ಲಿ ಭಾರತಕ್ಕೆ ಬಂದ ಇದು ಉಚಿತ. ಅಂಗಡಿಗೇ ಬೇರೆ ನಂಬರ್ ಇರಲಿ. ಲ್ಯಾಂಡ್‌ಲೈನ್ ನಂಬರ್ ಕೂಡ ನಡೆಯುತ್ತದೆ.

ಆಮೇಲೆ ಕ್ಯಾಟಲಾಗ್, ಅಂದರೆ ಗಿರಾಕಿಗಳು ನೋಡಲು ಆ್ಯಪ್‌ನಲ್ಲೇ ಹಾಕಿಡುವ ಸಾಮಾನಿನ ಪಟ್ಟಿ. ಇಡೀ ಅಂಗಡಿಯನ್ನು ಒಂದೇ ದಿನ ಹಾಕಲು ಹೋಗಬೇಡಿ. ಜಾಸ್ತಿ ಹೋಗುವ ಮೂವತ್ತು ಸಾಮಾನಿನ ಫೋಟೊ, ದರ ಸಾಕು. ಆದರೆ ವಿವರ ಸರಿಯಾಗಿರಲಿ. ಅಕ್ಕಿ ಹಳೆಯದೋ ಹೊಸದೋ ಬರೆಯಿರಿ. ಮೆಣಸಿನಕಾಯಿ ಬ್ಯಾಡಗಿಯೋ ಗುಂಟೂರೋ ತಿಳಿಸಿ. ಬಣ್ಣಕ್ಕೆಂದು ಕೇಳಿದವರ ಮನೆಗೆ ಖಾರದ್ದು ಹೋದರೆ ಸಾರು ಬಾಯಿಗಿಡಲು ಆಗುವುದಿಲ್ಲ.

ಇನ್ನು ಚೀಟಿ. ಟೈಪ್ ಮಾಡಿಯೇ ಕಳಿಸಿ ಎಂದು ಯಾರಿಗೂ ಹೇಳಬೇಡಿ. ಕೈಬರಹದ ಫೋಟೊ ಬರಲಿ, ಅಜ್ಜಿಯ ವಾಯ್ಸ್ ಮೆಸೇಜೂ ಬರಲಿ. ಅರ್ಥವಾಗದ್ದನ್ನು ಊಹಿಸದೆ ಫೋನ್ ಮಾಡಿ ಕೇಳಿ. ಕೇಳಿದ ಬ್ರ್ಯಾಂಡ್ ಇಲ್ಲದಿದ್ದರೆ ಬೇರೆಯದನ್ನು ಸುಮ್ನೆ ಚೀಲಕ್ಕೆ ಹಾಕಿಬಿಡಬೇಡಿ. ನಂಬಿಕೆ ಕೆಡುವುದು ಇಲ್ಲೇ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ತೂಕ ಹಾಕಿ, ಕಟ್ಟಿ, ಚೀಲದ ಮೇಲೆ ಹೆಸರು, ಒಟ್ಟು ಮೊತ್ತ ಬರೆದಿಡಿ. ಆ್ಯಪ್‌ನಲ್ಲಿ ಲೇಬಲ್ ಸೌಲಭ್ಯವಿದೆ. ಹೊಸ ಆರ್ಡರ್ ಯಾವುದು, ಹಣ ಬಂದದ್ದು ಯಾವುದು ಎಂದು ಗುರುತು ಹಾಕಿದರೆ ಗೊಂದಲವಿಲ್ಲ. ಐದಕ್ಕೆ ಸಿದ್ಧ ಎಂದು ಹೇಳಿದರೆ ಐದಕ್ಕೆ ಸಿದ್ಧವಿರಲೇಬೇಕು.

ಕಟ್ಟಿಟ್ಟ ಚೀಲಗಳಿಗೆ ಬಾಗಿಲ ಪಕ್ಕ ಒಂದು ಮೇಜು ಇಡಿ. ಚೀಲ ಒಯ್ಯಲು ಬಂದವರನ್ನು ಮತ್ತೆ ಸಾಲಿನಲ್ಲಿ ನಿಲ್ಲಿಸಿದರೆ ಮಾಡಿದ್ದೆಲ್ಲ ದಂಡ.

ಹಣಕ್ಕೆ ಯುಪಿಐ ಇದ್ದೇ ಇದೆ. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನಂಬಬೇಡಿ, ನಿಮ್ಮ ಖಾತೆಗೆ ಬಂದದ್ದನ್ನು ನೋಡಿ. ಸೌಂಡ್‌ಬಾಕ್ಸ್ ಇದ್ದರೆ ಅದೇ ಕೂಗಿ ಹೇಳುತ್ತದೆ. ಹಣ ಪಡೆಯಲು ಪಿನ್ ಒತ್ತಬೇಕು ಎಂದು ಯಾರಾದರೂ ಹೇಳಿದರೆ ಅದು ಮೋಸ. ನಗದು ಕೊಡುವವರನ್ನೂ ಬರಿಗೈಲಿ ಕಳಿಸಬೇಡಿ, ಚಿಲ್ಲರೆ ಇಟ್ಟುಕೊಂಡಿರಿ.

ಮೊದಲ ವಾರ ಪರಿಚಯದ ಹತ್ತು ಮನೆಗಳಿಗೆ ಮಾತ್ರ ನಂಬರ್ ಕೊಡಿ. ಮೆಟ್ಟಿಲು ಇಳಿಯಲಾಗದ ಹಿರಿಯರು ಆ ಹತ್ತರಲ್ಲಿದ್ದರೆ, ಅವರ ಚೀಲವನ್ನು ಹುಡುಗನ ಕೈಲಿ ಮೊದಲು ಕಳಿಸಿ.