ಶಾಲೆ ಮೈದಾನವನ್ನು ಊರಿಗೂ ತೆರೆಯುವುದು ಹೇಗೆ?

ಸಂಜೆ ಗಂಟೆ ಹೊಡೆದು ಸರ್ಕಾರಿ ಶಾಲೆಯ ಗೇಟಿಗೆ ಬೀಗ ಬಿದ್ದರೆ ಹುಡುಗರು ಕಾಂಪೌಂಡ್ ಹಾರುತ್ತಾರೆ. ಹಾರಿ ಬಂದವರ ಮೇಲೆ ಹೊಣೆ ಹೊರಿಸಲಾಗದು, ಗೇಟಿನಿಂದ ಬಂದವರ ಮೇಲೆ ಹೊರಿಸಬಹುದು.

ಮುಖ್ಯಶಿಕ್ಷಕರು ಬಾಯಿಮಾತಿನಲ್ಲಿ ಹೂಂ ಅಂದರೆ ಅದು ಅವರ ವರ್ಗಾವಣೆಯವರೆಗೆ ಮಾತ್ರ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ. ಅದರ ಪ್ರತಿಯನ್ನು ಮನವಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಲಿಖಿತ ಒಪ್ಪಿಗೆ ಪಡೆಯಿರಿ. ಯಾವ ಜಾಗ, ಎಷ್ಟು ಹೊತ್ತು, ಮುರಿದದ್ದಕ್ಕೆ ದುಡ್ಡು ಯಾರದು ಎಂಬುದು ಠರಾವಿನಲ್ಲೇ ಇರಲಿ. ಮೊದಲಿಗೆ ಮೂರು ತಿಂಗಳು ಸಾಕು.

ಮೈದಾನ ತೆರೆಯಿರಿ, ತರಗತಿ ಕೋಣೆ ಬೇಡ. ಆದರೆ ಒಂದು ಶೌಚಾಲಯ ತೆರೆದಿರಲೇಬೇಕು. ಇಲ್ಲದಿದ್ದರೆ ಗೋಡೆಯ ಹಿಂಬದಿ ನಾರುತ್ತದೆ, ಹೆಂಗಸರು ಬರುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ನಡೆಯುವವರಿಗೆ, ಸಂಜೆ ಐದರಿಂದ ಆಟಗಾರರಿಗೆ ಎಂದು ಹೊತ್ತು ಹಂಚಿ. ಹುಡುಗಿಯರಿಗೆ ವಾರದಲ್ಲಿ ಎರಡು ಸಂಜೆ ಹೆಸರು ಹಾಕಿ ಮೀಸಲಿಡಿ. 'ಎಲ್ಲರಿಗೂ' ಎಂದು ಬಿಟ್ಟರೆ ಅಂಕಣ ದೊಡ್ಡ ಹುಡುಗರದೇ ಆಗುತ್ತದೆ.

ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುತ್ತ 3 ಮೀಟರ್ ಬಿಟ್ಟರೆ ಒಟ್ಟು 24 ಮೀಟರ್ ಉದ್ದ, 15 ಮೀಟರ್ ಅಗಲದ ಜಾಗ ಬೇಕು. ಗಂಡಸರ ನೆಟ್ 2.43 ಮೀಟರ್, ಹೆಂಗಸರದು 2.24. ಕಂಬಕ್ಕೆ ಎರಡೂ ಎತ್ತರದಲ್ಲಿ ಕೊಕ್ಕೆ ಹಾಕಿಸಿ, ಇನ್ನೂ ಕೆಳಗೊಂದು ಮಕ್ಕಳಿಗೆ. ಆಟ ಮುಗಿದ ಮೇಲೆ ನೆಟ್ ಬಿಚ್ಚಿಡಿ. ಬಿಗಿದೇ ಬಿಟ್ಟರೆ ಮಳೆಬಿಸಿಲಿಗೆ ಹಗ್ಗ ಲಡ್ಡಾಗುತ್ತದೆ, ಕಂಬವೂ ಒಳಕ್ಕೆ ವಾಲುತ್ತದೆ.

ಜಗಳ ತರುವುದು ಕ್ರಿಕೆಟ್. ಟೆನಿಸ್ ಬಾಲ್ ಮಾತ್ರ ಎಂದು ಬರೆಯಿರಿ. ಬ್ಯಾಟ್ಸ್‌ಮನ್‌ನ ಬೆನ್ನು ಕಟ್ಟಡದ ಕಡೆಗಿರುವಂತೆ ಪಿಚ್ ಹಾಕಿದರೆ ಅರ್ಧ ಹೆಂಚು ಉಳಿಯುತ್ತವೆ.

ದೀಪಕ್ಕೆ ಪ್ರತ್ಯೇಕ ಸಬ್‌ಮೀಟರ್ ಹಾಕಿಸಿ. 200 ವ್ಯಾಟ್‌ನ ನಾಲ್ಕು ಎಲ್‌ಇಡಿ ದಿನಕ್ಕೆ ಎರಡು ಗಂಟೆ ಉರಿದರೆ 1.6 ಯೂನಿಟ್, ತಿಂಗಳಿಗೆ 48. ಲೆಕ್ಕ ಕಣ್ಣೆದುರಿಗಿದ್ದರೆ ಚಂದಾ ಎತ್ತುವುದು ಸುಲಭ.

ಬೀಗದ ಕೈ ಇಬ್ಬರ ಬಳಿ ಮಾತ್ರ ಇರಲಿ, ಅದೂ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡೇ. ಬೈಕು ಗೇಟಿನಾಚೆ. ಬೀಗ ಹಾಕುವವರು ನಲ್ಲಿ, ಸ್ವಿಚ್ಚು, ಶೌಚಾಲಯ ನೋಡಿ, ಟಾರ್ಚ್ ಹಿಡಿದು ಒಂದು ಸುತ್ತು ಹಾಕಬೇಕು: ಬೆಳಿಗ್ಗೆ ಪ್ರಾರ್ಥನೆಗೆ ನಿಂತ ಮಗುವಿನ ಬರಿಗಾಲಿಗೆ ಬಾಟಲಿಯ ಚೂರು ಸಿಕ್ಕರೆ ಮರುದಿನವೇ ಗೇಟು ಮುಚ್ಚುತ್ತದೆ.